ಮನೆಯಲ್ಲಿ ಒಂದೇ ಭಾಷೆ

ಮುನೇಶ ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ಮಾತು ಹೆಚ್ಚಾಯಿತು. ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಮಾತಾಡುವವರೇ. ಎದುರುಮನೆಯ ಕೋನಪ್ಪ ಬೆಳಗಾದರೆ ಮೊಬೈಲು ಹಿಡಿದುಕೊಂಡು ಬಂದು, ಲಕ್ವ ಹೊಡೆದವರು ನಾಲಿಗೆಯನ್ನು ಹೇಗೆ ಹೊರಳಿಸಬೇಕು ಅಂತ ಯಾರೋ ಹಿಂದಿಯಲ್ಲಿ ಹೇಳಿಕೊಡುವ ವಿಡಿಯೋ ಹಾಕುತ್ತಿದ್ದ. ಟೊಮೇಟೊ ಮಂಡಿಯ ಯಜಮಾನ ನೂರುಲ್ಲಾ ಸಾಹೇಬರು ಮುರುಗಮಲ್ಲದ ದರ್ಗಾದಿಂದ ತಾಯಿತ ತಂದು ಕಟ್ಟಿ, ಉರ್ದುವಿನಲ್ಲಿ ಧೈರ್ಯ ಹೇಳುತ್ತಿದ್ದರು. ತಾಯಿ ಆಂಜಿನಮ್ಮ ಮಂಚದ ತಲೆದೆಸೆಯಲ್ಲಿ ಕೂತು ಒಂದೇ ಸಮನೆ ತೆಲುಗಿನಲ್ಲಿ ಮಾತಾಡಿಸುತ್ತಿದ್ದಳು. ಪಿಯುಸಿ ಓದುವ ಮಗಳು ತನುಜ ಕನ್ನಡದಲ್ಲಿ ಒಂದೊಂದೇ ಪದ ಹೇಳಿ ‘ಹೇಳಪ್ಪ, ಹೇಳಪ್ಪ’ ಎಂದು ಕಾಡುತ್ತಿದ್ದಳು. ನೋಡಲು ಬಂದ ನೆಂಟರೆಲ್ಲ, ಅವನಿಗೆ ಹೋಗಿರುವುದು ಕಿವಿಯೋ ಏನೋ ಎನ್ನುವ ಹಾಗೆ ದನಿ ಏರಿಸಿ ಮಾತಾಡಿ, ಕಾಫಿ ಕುಡಿದು, ಆಂಧ್ರದ ಕಡೆ ಯಾವುದೋ ಊರಲ್ಲಿ ಎಣ್ಣೆ ಕೊಡುತ್ತಾರೆ ಅಂತ ಹೇಳಿ ಹೋಗುತ್ತಿದ್ದರು.

ಮುನೇಶ ಯಾರು ಮಾತಾಡುತ್ತಾರೋ ಅವರ ಬಾಯಿಯನ್ನೇ ನೋಡುತ್ತಿದ್ದ. ಒಬ್ಬರು ಮುಗಿಸುವುದರೊಳಗೆ ಇನ್ನೊಬ್ಬರು ಶುರು ಮಾಡಿದರೆ ಅತ್ತ ತಿರುಗುತ್ತಿದ್ದ. ತಾನೂ ಏನೋ ಹೇಳಲು ಹೊರಟರೆ ಅರ್ಧ ಕನ್ನಡ, ಅರ್ಧ ತೆಲುಗು, ಮಧ್ಯೆ ಒಂದು ಉರ್ದು ಸಂಖ್ಯೆ ಬಂದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಎಡಗೈಯಿಂದ ಹಾಸಿಗೆಯನ್ನು ಒಂದು ಸಲ ಗುದ್ದಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಮಾತೇ ಅವನ ಕಸುಬಾಗಿತ್ತು. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ನೂರುಲ್ಲಾ ಸಾಹೇಬರ ಮಂಡಿಗೆ ಹರಾಜು ಕೂಗುತ್ತಿದ್ದವನು ಅವನು. ಕ್ರೇಟುಗಳ ಸಾಲಿನ ಮುಂದೆ ನಡೆಯುತ್ತ ರೈತರಿಗೆ ಕೇಳಲೆಂದು ಕನ್ನಡದಲ್ಲಿ ಶುರು ಮಾಡುವನು, ಮದನಪಲ್ಲಿ ಕಡೆಯ ವ್ಯಾಪಾರಸ್ಥರು ಕೈ ಎತ್ತಿದರೆ ತೆಲುಗಿಗೆ ಹೊರಳುವನು, ಕೊನೆಯ ರೇಟು ಉರ್ದುವಿನಲ್ಲಿ ಕೂಗಿ ಮುಗಿಸುವನು. ಮಧ್ಯೆ ಕೊಳ್ಳುವವರ ಹೊಟ್ಟೆಯನ್ನೋ ಬಿಳಿ ಅಂಗಿಯನ್ನೋ ಹಿಡಿದು ಒಂದು ತಮಾಷೆ. ಅದಕ್ಕೇ, ಆ ದಿನ ಕೂಗುತ್ತ ಕೂಗುತ್ತ ಅವನ ಮಾತು ಕಲಸಿಹೋದಾಗ ಯಾರಿಗೂ ಗೊತ್ತಾಗಲಿಲ್ಲ. ಹೊಸ ತಮಾಷೆ ಇರಬೇಕು ಅಂದುಕೊಂಡು ಮಾರ್ಕೆಟ್ಟಿನವರೆಲ್ಲ ನಕ್ಕರು. ಅವನು ಕ್ರೇಟಿನ ಮೇಲೆ ಕುಸಿದು ಕೂತ ಮೇಲೂ ಒಂದಿಬ್ಬರು ನಗುತ್ತಲೇ ಇದ್ದರಂತೆ.

ಹೆಂಡತಿ ರೂಪಳಿಗೆ ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ. ಬೆಳಗಿನ ಪಾಳಿ. ಹಳ್ಳಿಗಳಿಂದ ಬಂದ ಹಾಲಿನ ಕೊಬ್ಬು ನೋಡುವುದು, ನೀರು ಬೆರೆಸಿದ್ದಾರೆಯೇ ನೋಡುವುದು. ಮಧ್ಯಾಹ್ನ ಮನೆಗೆ ಬಂದರೆ ಅಡಿಗೆಯಾಗಿರುತ್ತಿರಲಿಲ್ಲ, ಬಂದವರ ಲೋಟಗಳು ನೆಲದ ಮೇಲೆ ಬಿದ್ದಿರುತ್ತಿದ್ದವು, ಗಂಡನ ಮಾತ್ರೆ ಯಾರು ಕೊಟ್ಟರು, ಯಾರು ಕೊಡಲಿಲ್ಲ ತಿಳಿಯುತ್ತಿರಲಿಲ್ಲ. ಕಾಲು ಸುಧಾರಿಸಿತ್ತು, ಬಲಗೈ ನಿಧಾನಕ್ಕೆ ಬರುತ್ತಿತ್ತು. ಅವೆರಡೂ ಬಾರದಿದ್ದರೂ ಬದುಕಬಹುದು ಎಂದು ಅವಳಿಗೆ ಅನ್ನಿಸುತ್ತಿತ್ತು. ಮಾತು ಬಾರದಿದ್ದರೆ ಈ ಮನುಷ್ಯ ಉಳಿಯುವುದಿಲ್ಲ. ನೂರುಲ್ಲಾ ಸಾಹೇಬರು ಅವನ ಜಾಗಕ್ಕೆ ಇನ್ನೂ ಯಾರನ್ನೂ ಖಾಯಂ ಮಾಡಿರಲಿಲ್ಲ. ಆದರೆ ಹರಾಜು ದಿನಾ ನಡೆಯಬೇಕಲ್ಲ.

ಚಿಕ್ಕಬಳ್ಳಾಪುರದಲ್ಲಿ ಮಾತು ಕಲಿಸುವವರಿದ್ದಾರೆ ಎಂದು ಡೇರಿಯಲ್ಲಿ ಯಾರೋ ಹೇಳಿದರು. ಒಂದು ಸಣ್ಣ ಕ್ಲಿನಿಕ್ಕು. ಕಲಿಸುವವಳು ಸಾಬ್ರೀನ್, ಶಿಡ್ಲಘಟ್ಟದ ಹುಡುಗಿ. ಅವಳ ತಂದೆಯದು ರೇಷ್ಮೆ ವ್ಯಾಪಾರ. ಅವಳು ಮೈಸೂರಿನಲ್ಲಿ ಓದಿ ಬಂದು ಇಲ್ಲಿ ಕೂತಿದ್ದಳು. ಮುನೇಶನ ಮುಂದೆ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಇಟ್ಟು, ಅವನ ಬಾಯಿಂದ ಬಂದದ್ದನ್ನೆಲ್ಲ ಕೇಳಿಸಿಕೊಂಡಳು. ಅವಸರ ಮಾಡಲಿಲ್ಲ. ಆಮೇಲೆ ರೂಪಳ ಕಡೆ ತಿರುಗಿದಳು.

“ಅಕ್ಕಾ, ಇವರಿಗೆ ಮಾತು ಸತ್ತಿಲ್ಲ. ಎಲ್ಲಾ ಒಳಗೇ ಇದೆ, ಚೆಲ್ಲಾಪಿಲ್ಲಿ ಆಗಿದೆ ಅಷ್ಟೇ. ಮೂರ್ ಮೂರ್ ಭಾಷೆ ಕಿವಿಗೆ ಬಿದ್ರೆ ಯಾವ್ದನ್ನ ಹಿಡೀಬೇಕು ಪಾಪ? ಒಂದನ್ನ ಇಟ್ಕೊಳ್ಳಿ. ಮಿಕ್ಕಿದ್ದನ್ನ ಸದ್ಯಕ್ಕೆ ಬಿಟ್ಬಿಡಿ. ಮೊದಲ ಆರು ತಿಂಗಳು ಬಹಳ ಮುಖ್ಯ.”

ಯಾವುದನ್ನು ಇಟ್ಟುಕೊಳ್ಳುವುದು ಎಂದು ರೂಪ ಕೇಳಿದಳು. ಮಾತೃಭಾಷೆಯನ್ನೇ ಎಂದಳು ಸಾಬ್ರೀನ್. ಇವರ ಮಾತೃಭಾಷೆ ಯಾವುದು?

“ಕನ್ನಡ” ಎಂದಳು ರೂಪ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಸೀಮೆಯಲ್ಲಿ ಕೇಳಿದವರಿಗೆಲ್ಲ ಹಾಗೇ ಹೇಳುವುದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಾತೃಭಾಷೆ ಕೇಳಿದರೆ, ಮನೆಯಲ್ಲಿ ಒಂದಕ್ಷರ ಕನ್ನಡ ಆಡದವರೂ ಕನ್ನಡ ಅಂತಲೇ ಬರೆಸುತ್ತಾರೆ. ತೆಲುಗು ಎನ್ನುವುದು ಒಲೆಯ ಮುಂದೆ, ಹೊಲದಲ್ಲಿ, ಜಗಳದಲ್ಲಿ ಬರುವ ಮಾತು. ಯಾರಾದರೂ ಮೇಜಿನ ಆಚೆ ಕೂತು ಕೇಳಿದರೆ ಹೇಳುವ ಉತ್ತರವಲ್ಲ. ಮುನೇಶನಿಗೂ ಅವನ ಅಪ್ಪ ನಲ್ಲಪ್ಪ ಹಾಗೇ ಬರೆಸಿದ್ದ. ತನುಜಳಿಗೆ ರೂಪಳೂ ಹಾಗೇ ಬರೆಸಿದ್ದಳು. ಸಾಬ್ರೀನ್ ಮುನೇಶನನ್ನೂ ಕೇಳಿದಳು, ಕನ್ನಡ ಅಲ್ವಾ ಅಣ್ಣ ಎಂದು. ಅವನು ತಲೆಯಾಡಿಸಿದ. ಆಗೆಲ್ಲ ಅವನು ಏನು ಕೇಳಿದರೂ ತಲೆಯಾಡಿಸುತ್ತಿದ್ದ.

ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸಿನಲ್ಲಿ ವಾಪಸು ಬರುವಾಗ ರೂಪಳಿಗೆ ಎಷ್ಟೋ ದಿನದ ಮೇಲೆ ಎದೆ ಹಗುರವಾಗಿತ್ತು. ಮಾಡಬೇಕಾದ ನೂರು ಕೆಲಸಗಳ ಬದಲು ಈಗ ಒಂದೇ ಕೆಲಸ. ಅದನ್ನು ಮಾಡಿದರೆ ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಅವಳು ಅಂದೇ ಶುರು ಮಾಡಿದಳು. ಕೋನಪ್ಪನಿಗೆ ವಿಡಿಯೋ ತರಬೇಡಿ ಎಂದಳು. ಟಿವಿಯ ತೆಲುಗು ಸೀರಿಯಲ್ಲುಗಳನ್ನು ನಿಲ್ಲಿಸಿದಳು. ನೋಡಲು ಬರುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು. ನೂರುಲ್ಲಾ ಸಾಹೇಬರಿಗೆ ಹೇಗೆ ಹೇಳುವುದೆಂದು ಅವಳಿಗೆ ಸಂಕೋಚವಿತ್ತು, ಆದರೆ ಅವರು ಸುಲಭವಾಗಿ ಒಪ್ಪಿದರು. ವಾರಕ್ಕೊಮ್ಮೆ ಬಂದು ಕುರ್ಚಿಯ ತುದಿಯಲ್ಲಿ ಕೂತು, ಉರ್ದು ಬೆರೆಯದ ಒಂದು ಕನ್ನಡ ವಾಕ್ಯವನ್ನು ಜೀವಮಾನದಲ್ಲಿ ಆಡದಿದ್ದ ಆ ಮನುಷ್ಯ, ಪಾಠ ಒಪ್ಪಿಸುವವರ ಹಾಗೆ ಮಾತಾಡುವರು.

“ಮುನೇಶ್, ಮಾರ್ಕೆಟ್ ಚೆನ್ನಾಗಿ ಇದೆ. ಟೊಮೇಟೊ ಕೆಂಪು ಇದೆ. ಆ ಅಂಬರೀಶ ಹರಾಜು ಕೂಗ್ತಾನೆ, ಸತ್ತ ಮನೇಲಿ ಅಳೋ ಹಂಗೆ ಕೂಗ್ತಾನೆ. ನೀನು ಬಾ ಬೇಗ.”

ಮುನೇಶ ಅದಕ್ಕೆ ನಕ್ಕ. ಕಾಯಿಲೆ ಬಿದ್ದ ಮೇಲೆ ಅದೇ ಮೊದಲು.

ಉಳಿದವಳು ಆಂಜಿನಮ್ಮ. ಚೇಳೂರಿನ ಆಚೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ನಾಲಿಗೆಗೆ ಬಾರದು. ರೂಪ ಮಧುಗಿರಿ ಕಡೆಯವಳು. ಅವಳಿಗೆ ತೆಲುಗು ತಿಳಿಯುತ್ತದೆ, ಆಡಲು ಬಾರದು. ಮದುವೆಯಾದಾಗಿನಿಂದ ಸೊಸೆ ಕನ್ನಡದಲ್ಲಿ ಕೇಳುವಳು, ಅತ್ತೆ ತೆಲುಗಿನಲ್ಲಿ ಹೇಳುವಳು. ಅಡಿಗೆ, ಜಗಳ, ರಾಜಿ ಎಲ್ಲವೂ ಹಾಗೇ ನಡೆದುಬಂದಿತ್ತು. ಅದು ಎರಡು ಭಾಷೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಇನ್ನು ಮೇಲೆ ಮಗನ ಹತ್ತಿರ ತೆಲುಗು ಆಡಬಾರದು ಎಂದು ರೂಪ ತಿಳಿಸಿ ಹೇಳಿದಳು. ಬೇಕಾದರೆ ಸನ್ನೆ ಮಾಡಿ, ಅವನ ಎದುರಿಗೆ ನನ್ನ ಜೊತೆಗೂ ಮಾತು ಬೇಡ, ಆರು ತಿಂಗಳು ಅಷ್ಟೇ ಎಂದಳು. ಆಂಜಿನಮ್ಮ ಸೊಸೆಯ ಮುಖ ನೋಡಿದಳು. ಡಾಕ್ಟರಮ್ಮ ಹೇಳಿದ್ದಾ ಎಂದು ತೆಲುಗಿನಲ್ಲಿ ಕೇಳಿದಳು. ಹೌದು ಎಂದಳು ರೂಪ. ಮುದುಕಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಸರಿ ಎನ್ನುವಂತೆ ತಲೆದೂಗಿದಳು.

ಮನೆ ಒಂದು ಹದಕ್ಕೆ ಬಂತು. ರೂಪ ಡೇರಿಯಿಂದ ಬಂದು ಊಟ ಮುಗಿಸಿ ಗಂಡನ ಎದುರಿಗೆ ಕೂರುವಳು. ಲೋಟ, ಚಮಚ, ಬಾಚಣಿಗೆ, ಬೆಂಕಿಪೊಟ್ಟಣ, ಒಂದೊಂದನ್ನೇ ಕೈಯಲ್ಲಿ ಹಿಡಿದು ಕೇಳುವಳು. ಮೊದಲು ಬಂದದ್ದು ‘ಸಾಕು’. ಆಮೇಲೆ ‘ನೀರು’, ‘ಬಾ’, ‘ತನು’. ಒಂದು ಪದ ಬಂದರೆ ಮರುದಿನ ಅದು ಹೋಗಿರುತ್ತಿತ್ತು. ಇನ್ನೊಂದು ದಿನ ತಾನೇ ಬಂದು ನಿಲ್ಲುತ್ತಿತ್ತು. ಮನೆಯಲ್ಲಿ ಗಲಾಟೆ ಇರಲಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಲೋಟಗಳು ತೊಳೆದಿರುತ್ತಿದ್ದವು. ಆಂಜಿನಮ್ಮ ಅಡಿಗೆ ಮಾಡಿ, ಮಗನಿಗೆ ತಟ್ಟೆ ತಂದಿಟ್ಟು, ಭುಜ ಮುಟ್ಟಿ ಊಟ ತೋರಿಸಿ ಒಳಗೆ ಹೋಗುತ್ತಿದ್ದಳು. ಒಮ್ಮೊಮ್ಮೆ ಮಗನನ್ನು ಎಂದಿನಂತೆ ‘ನಾಯನಾ’ ಎಂದು ಕರೆಯಲು ಹೋಗಿ ‘ನಾಯ...’ ಎನ್ನುವಷ್ಟರಲ್ಲಿ ತುಟಿ ಮುಚ್ಚಿಕೊಳ್ಳುತ್ತಿತ್ತು. ಬೀದಿಯ ಕೊನೆಯಲ್ಲಿ ಸೊಪ್ಪು ಮಾರುವವಳ ಹತ್ತಿರ ಹೋಗಿ ಕೂತಳೆಂದರೆ ಬೇಗ ಬರುತ್ತಿರಲಿಲ್ಲ.

ಹೀಗೆ ಎರಡು ತಿಂಗಳಿಗೂ ಹೆಚ್ಚು ಹೋಯಿತು. ಒಂದು ಮಧ್ಯಾಹ್ನ ರೂಪ ಬಾಚಣಿಗೆ ಹಿಡಿದು ಕೂತಿದ್ದಳು. ಅವಳ ಬೆನ್ನು ಕಿಟಕಿಯ ಕಡೆಗಿತ್ತು. ಮುನೇಶ ಬಾಚಣಿಗೆಯನ್ನು ನೋಡದೆ ಅವಳ ಹೆಗಲ ಮೇಲಿಂದ ಆಚೆ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಎಡಗೈ ಎತ್ತಿ ತೋರಿಸಿ, “ವಾನ” ಎಂದ.

ಸ್ವಚ್ಛವಾದ ಮಾತು. ಹುಡುಕಿ ತಡಕಿ ಬಂದದ್ದಲ್ಲ.

“ವಾನ ಅಲ್ಲ ರೀ. ಮಳೆ. ಮಳೆ ಅನ್ನಿ.”

“ವಾನ” ಎಂದ ಮತ್ತೆ, ಕೈ ಆಡಿಸುತ್ತ.

“ಮಳೆ. ನನ್ನ ಬಾಯಿ ನೋಡಿ. ಮ... ಳೆ.”

ಅವನು ಪ್ರಯತ್ನಿಸಿದ. ಮ ಬಂತು, ಆಮೇಲೆ ಏನೂ ಬರಲಿಲ್ಲ. ಹಣೆಯ ನರ ಉಬ್ಬಿತು. ಅವಳು ಮತ್ತೆ ಹೇಳಿದಳು, ಅವನು ಮತ್ತೆ ಪ್ರಯತ್ನಿಸಿದ. ಆ ಹೊತ್ತಿಗೆ ತಾರಸಿಯ ಮೇಲೆ ಒಣಗಿಹಾಕಿದ್ದ ಬಟ್ಟೆಯೆಲ್ಲ ತೊಯ್ದುಹೋಗಿತ್ತು. ಅದನ್ನೇ ಅವನು ಹೇಳುತ್ತಿದ್ದದ್ದು ಎಂದು ಅವಳಿಗೆ ಹೊಳೆದದ್ದು ತನುಜ ಕಾಲೇಜಿನಿಂದ ಬಂದು, ಏನಮ್ಮ ಬಟ್ಟೆ ತೆಗ್ದಿಲ್ವಾ ಎಂದು ಕೇಳಿದಾಗ.

ಆದರೆ ರೂಪಳನ್ನು ಕಾಡಿದ್ದು ಬಟ್ಟೆಯಲ್ಲ. ಎರಡು ತಿಂಗಳಿಂದ ಅವನ ಕಿವಿಗೆ ಬೀಳದಿದ್ದ ತೆಲುಗು ಎಲ್ಲಿಂದ ಬಂತು? ಒದ್ದೆ ಬಟ್ಟೆ ಹಿಂಡುತ್ತ ಅತ್ತೆಯನ್ನು ಕೇಳಿದಳು. ಆಂಜಿನಮ್ಮ ಮುಚ್ಚಿಡಲಿಲ್ಲ. ಬೆಳಿಗ್ಗೆ ನೀನು ಡೇರಿಗೆ, ಮಗು ಕಾಲೇಜಿಗೆ ಹೋದ ಮೇಲೆ ಅವನೊಬ್ಬನೇ ಗೋಡೆ ನೋಡುತ್ತ ಕೂತಿರುತ್ತಾನೆ, ಕೈಗೆ ಎಣ್ಣೆ ತಿಕ್ಕುವಾಗ ಒಂದೆರಡು ಮಾತಾಡುತ್ತೇನೆ, ಅವನೂ ಏನೋ ಅನ್ನುತ್ತಾನೆ ಎಂದಳು.

ರೂಪಳ ಮೈಯೆಲ್ಲ ಉರಿದುಹೋಯಿತು. ಡೇರಿಯಲ್ಲಿ ಕೊಡಗಟ್ಟಲೆ ಹಾಲಿಗೆ ಒಂದು ಚೊಂಬು ನೀರು ಬೆರೆಸಿದರೂ ಯಂತ್ರ ಹೇಳುತ್ತದೆ. ಇಲ್ಲಿ ತಾನು ಮಧ್ಯಾಹ್ನ ಕಟ್ಟಿದ್ದನ್ನು ಈಕೆ ಬೆಳಿಗ್ಗೆ ಕಲಸುತ್ತಿದ್ದಾಳೆ.

“ನಿಮ್ಮ ಮಗನಿಗೆ ಮಾತು ಬರೋದು ನಿಮಗೆ ಬೇಡ್ವಾ ಅತ್ತೆ?”

ಮುದುಕಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. “ನೇನೇಮನ್ನಾ ವಿಷಂ ಪೆಡ್ತಿನಾಮ್ಮಾ ವಾಡಿಕಿ?” ಎಂದಳು. ನಾನೇನು ಅವನಿಗೆ ವಿಷ ಇಕ್ಕಿದೆನಾ ಎಂದು.

“ಇಕ್ಕಿದ ಹಾಗೇ ಆಯ್ತು” ಎಂದುಬಿಟ್ಟಳು ರೂಪ.

ಆಂಜಿನಮ್ಮ ಕೆಳಗಿಟ್ಟ ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಹಿಂಡಿದಳು. ಮುನೇಶನ ತಂಗಿ ಮಾಲಾಳಿಗೆ ಫೋನು ಮಾಡಿದ್ದು ರೂಪ. ಮಾಲಾ ಇದ್ದದ್ದು ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯಲ್ಲಿ. ಗಂಡ ಮೋಹನ್‌ಬಾಬುವಿಗೆ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಮಾತು ಒಂದು ಹಂತಕ್ಕೆ ಬರುವ ತನಕ ಅತ್ತೆಯನ್ನು ಅಲ್ಲಿಟ್ಟುಕೊಳ್ಳಲು ಆಗುತ್ತದೆಯೇ ಎಂದು ಕೇಳಿದಳು. ಕಾರಣವನ್ನೂ ಹೇಳಿದಳು.

“ಏನು ವದಿನಾ, ಭಾಷೆ ಬರಲ್ಲ ಅಂತ ಹೆತ್ತ ತಾಯಿನ ಮನೆ ಬಿಡಿಸ್ತೀಯಾ? ದುಬೈನಲ್ಲೂ ಹಂಗೆ ಮಾಡಲ್ಲ ಕಣೇ” ಎಂದು ಮಾಲಾ ಅತ್ತಿಗೆಯನ್ನು ಕೇಳಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಸರಿ, ಕಳಿಸು. ನಮ್ಮಣ್ಣ ಮಾತಾಡಿದ್ರೆ ಸಾಕು.”

ಭಾನುವಾರ ರೂಪ ತಾನೇ ಕರೆದುಕೊಂಡು ಹೋದಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರಿಗೆ, ಅಲ್ಲಿಂದ ಆಟೋದಲ್ಲಿ ಕುಡುಮಲಕುಂಟೆಗೆ. ದಾರಿಯುದ್ದಕ್ಕೂ ಆಂಜಿನಮ್ಮ ಮಡಿಲಲ್ಲಿ ಚೀಲ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಬಸ್ಸಿನಲ್ಲಿ ಮುನೇಶನಿರಲಿಲ್ಲ, ತೆಲುಗು ಆಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ರೂಪ ಕಡಲೆಕಾಯಿ ಕೊಂಡು ಕೊಟ್ಟಳು. ಮುದುಕಿ ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮಾಲಾಳ ಮಕ್ಕಳಿಗೆಂದು ಸೆರಗಿಗೆ ಗಂಟು ಕಟ್ಟಿಕೊಂಡಳು.

ರೂಪ ಪಾಳಿ ಬದಲಾಯಿಸಿಕೊಂಡಳು. ಬೆಳಿಗ್ಗೆ ಅವಳು ಮನೆಯಲ್ಲಿ, ಮಧ್ಯಾಹ್ನ ತನುಜ ಬಂದ ಮೇಲೆ ಅವಳು ಡೇರಿಗೆ. ಅಡಿಗೆ, ಪಾತ್ರೆ, ಬಟ್ಟೆ ಎಲ್ಲ ಈಗ ಅವಳದೇ. ಲ್ಯಾಬಿನಲ್ಲಿ ಸ್ಯಾಂಪಲ್ಲು ಹಿಡಿದು ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಆದರೂ ಅವಳ ಲೆಕ್ಕ ತಪ್ಪಲಿಲ್ಲ. ಮನೆಯೊಳಗೆ ಒಂದೇ ಭಾಷೆ ಉಳಿಯಿತು, ಮುನೇಶನ ಪದಗಳು ಬಂದು ನಿಲ್ಲತೊಡಗಿದವು. ಕಾಫಿ, ಅಂಗಿ, ಬಿಸಿಲು, ಬೇಡ. ಎರಡು ಪದ ಜೋಡಿಸಿ ‘ಕಾಫಿ ಬೇಡ’ ಎಂದ ದಿನ ತನುಜ ಅಡಿಗೆಮನೆಗೆ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು.

ಊಟ ಮಾತ್ರ ಅವನು ಸರಿಯಾಗಿ ಮಾಡುತ್ತಿರಲಿಲ್ಲ. ತಟ್ಟೆ ಬಂದ ಮೇಲೂ ಅಡಿಗೆಮನೆಯ ಬಾಗಿಲ ಕಡೆ ನೋಡುತ್ತ ಕೂತಿರುತ್ತಿದ್ದ. ಒಂದು ಬೆಳಿಗ್ಗೆ ಹಾಗೇ ಕೂತಿದ್ದವನು ರೂಪಳನ್ನು ತಡೆದು ಕೇಳಿದ:

“ಅಮ್ಮ... ಎಲ್ಲಿ?”

ಅದು ಅವನು ಕೇಳಿದ ಮೊದಲ ಪ್ರಶ್ನೆ. ಮಾಲಾ ಮನೆಗೆ ಹೋಗಿದ್ದಾರೆ, ಬರುತ್ತಾರೆ ಎಂದಳು ರೂಪ. ಅವನು ತಲೆಯಾಡಿಸಿದ. ಅವಳು ಡೇರಿಗೆ ಹೋಗಿ, ಇವರು ಇವತ್ತು ಒಂದು ಪೂರ್ತಿ ಮಾತು ಕೇಳಿದರು ಎಂದು ಎಲ್ಲರಿಗೂ ಹೇಳಿಕೊಂಡಳು. ಏನು ಕೇಳಿದರು ಎಂದದ್ದಕ್ಕೆ, ಕಾಫಿ ಕೇಳಿದರು ಎಂದಳು. ಮರುದಿನವೂ ಅವನು ಅದನ್ನೇ ಕೇಳಿದ. ಅದರ ಮರುದಿನವೂ ಕೇಳಿದ. ಪ್ರತಿ ಸಲವೂ ಮೊದಲಿಗಿಂತ ನಯವಾಗಿ ಬರುತ್ತಿತ್ತು.

ಮುಂದಿನ ಸಲ ಚಿಕ್ಕಬಳ್ಳಾಪುರಕ್ಕೆ ಹೋಗುವಾಗ ತನುಜಳೂ ಜೊತೆಗೆ ಬಂದಳು. ಸಾಬ್ರೀನ್ ಅವನ ಮಾತು ಕೇಳಿ ಖುಷಿಪಟ್ಟಳು. ಮನೆಯಲ್ಲಿ ಬಹಳ ಶ್ರಮ ಹಾಕಿದ್ದೀರಿ ಎಂದು ರೂಪಳ ಕೈ ಹಿಡಿದುಕೊಂಡಳು. ಊಟ, ನಿದ್ದೆ ಹೇಗಿದೆ ಎಂದು ವಿಚಾರಿಸಿದಳು.

“ಊಟಾನೇ ಮಾಡಲ್ಲ ಮೇಡಂ. ಅಜ್ಜಿ ಇಲ್ವಲ್ಲ ಅದಕ್ಕೆ” ಎಂದಳು ತನುಜ.

ಅಜ್ಜಿ ಎಲ್ಲಿ ಹೋದರು ಎಂದು ಸಾಬ್ರೀನ್ ಸುಮ್ಮನೆ ಮಾತಿಗೆ ಕೇಳಿದಳು.

“ಮಾಲಾ ಅತ್ತೆ ಮನೇಲಿ ಬಿಟ್ಟಿದೀವಿ. ಅವರಿಗೆ ಕನ್ನಡ ಬರಲ್ವಲ್ಲ. ಅಪ್ಪನ ಹತ್ರ ತೆಲುಗೇ ಮಾತಾಡ್ಬಿಡ್ತಾರೆ.”

“ಅಪ್ಪ ಅವರ ಹತ್ರ?”

“ಅಪ್ಪಾನೂ ತೆಲುಗೇ. ಚಿಕ್ಕ ವಯಸ್ಸಿಂದ.”

ಸಾಬ್ರೀನ್ ಕಾರ್ಡುಗಳನ್ನು ಕೆಳಗಿಟ್ಟಳು. ರೂಪಳನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅಕ್ಕಾ, ನಾನು ಮಾತೃಭಾಷೆ ಕೇಳಿದ್ದೆ.”

“ಕನ್ನಡಾನೇ ಅಲ್ವಾ ಮೇಡಂ? ನಾವು ಎಲ್ಲಾ ಕಡೆ ಹಂಗೇ ಬರ್ಸೋದು.”

ಸಾಬ್ರೀನಳ ಮನೆಯಲ್ಲಿ ಎಲ್ಲರೂ ಉರ್ದು ಎಂದೇ ಬರೆಸುತ್ತಾರೆ. ಮನೆಯಲ್ಲಿ ಆಡುವುದೊಂದು, ಬರೆಸುವುದೊಂದು ಇರಬಹುದು ಎಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ನಾನು ಇನ್ನೊಂದು ಸಲ ಕೇಳಬೇಕಿತ್ತು, ಮನೆಯಲ್ಲಿ ಯಾರ ಜೊತೆ ಏನು ಮಾತಾಡುತ್ತಾರೆ ಅಂತ ಬಿಡಿಸಿ ಕೇಳಬೇಕಿತ್ತು ಎಂದಳು. ಮಧ್ಯೆ ತೆಲುಗು ಪದ ಏನಾದರೂ ಬಂದಿತ್ತೇ ಎಂದು ಕೇಳಿದಳು. ರೂಪ ಮಳೆ ಬಂದ ಮಧ್ಯಾಹ್ನದ ಕತೆ ಹೇಳಿದಳು. ಎಷ್ಟು ತಿದ್ದಿದರೂ ಆ ತಪ್ಪು ಹೋಗಲಿಲ್ಲ, ಅದಕ್ಕೇ ಅತ್ತೆಯನ್ನು ಕಳಿಸಬೇಕಾಯಿತು ಎಂದಳು.

“ಅದು ತಪ್ಪಲ್ಲ ಅಕ್ಕಾ” ಎಂದಳು ಸಾಬ್ರೀನ್. “ಮಳೆ ಬಂದಿತ್ತಲ್ಲ.”

ಈಗ ಕನ್ನಡ ಕೈಗೆ ಹತ್ತಿದೆ, ಅದನ್ನು ಬಿಡಬೇಡಿ ಎಂದಳು ಆಮೇಲೆ. ಆದರೆ ಅಮ್ಮ ಬರಲಿ. ಅವರಿಗೆ ಹೇಗೆ ಬರುತ್ತದೋ ಹಾಗೆ ಮಾತಾಡಲಿ. ಅದರಿಂದ ಇನ್ನೂ ಬೇಗ ಆಗಬಹುದು. ಆಗಬಹುದು ಎಂದಳೇ ಹೊರತು ಆಗುತ್ತದೆ ಎನ್ನಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ತನುಜ, ನಾನು ಹೇಳಬಾರದಿತ್ತಾ ಅಮ್ಮ ಎಂದಳು. ಹಾಗೇನಿಲ್ಲ ಎಂದಳು ರೂಪ. ಅವಳು ಲೆಕ್ಕ ಹಾಕುತ್ತಿದ್ದದ್ದು, ಅತ್ತೆಯನ್ನು ಹೇಗೆ ಕರೆಯುವುದು ಎಂದು. ತಪ್ಪಾಯಿತು ಎಂದು ಅವಳು ಅತ್ತೆಗೆ ಯಾವತ್ತೂ ಹೇಳಿದವಳಲ್ಲ. ಅದನ್ನು ತೆಲುಗಿನಲ್ಲೇ ಹೇಳಬೇಕು ಎಂದುಕೊಂಡಳು. ಹೇಗೆ ಹೇಳುತ್ತಾರೆಂದು ಎಷ್ಟು ನೆನೆಸಿಕೊಂಡರೂ ಹೊಳೆಯಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಅವಳ ಕಿವಿಗೆ ಆ ಮಾತು ಬಿದ್ದೇ ಇರಲಿಲ್ಲ.

ಮನೆ ತಲುಪಿ, ಗಂಡನ ಕೈಕಾಲು ತೊಳೆಸಿ ಕೂರಿಸಿ, ಮಾಲಾಳಿಗೆ ಫೋನು ಹಚ್ಚಿದಳು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದಳು. ಬರುವ ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದಳು. ಮಾಲಾ ದನಿ ತಗ್ಗಿಸಿದಳು.

“ಅಮ್ಮ ಈಗ ನಮ್ಮತ್ರಾನೂ ತೆಲುಗು ಮಾತಾಡಲ್ಲ ವದಿನಾ. ನಾವು ಮಾತಾಡಿದ್ರೂ ಕೈ ಅಡ್ಡ ಇಡ್ತಾಳೆ. ಪಕ್ಕದ ಮನೇಲಿ ಹಾಸನದೋರಿದಾರೆ, ಅವರತ್ರ ಕೂತ್ಕೊಂಡು ಕನ್ನಡ ಕಲೀತಾಳೆ. ಮಕ್ಕಳನ್ನ ಬಿಡಲ್ಲ, ಇದಕ್ಕೇನಂತಾರೆ, ಅದಕ್ಕೇನಂತಾರೆ. ಮಗನ ಹತ್ರ ಮಾತಾಡ್ಬೇಕಂತೆ.”

ಅಮ್ಮನಿಗೆ ಕೊಡು ಎಂದಳು ರೂಪ. ಸ್ಪೀಕರ್ ಹಾಕಿ ಫೋನನ್ನು ಮುನೇಶನ ಮುಂದೆ ಹಿಡಿದಳು. ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

“ಹೇಗೆ... ಇದೀಯ... ಅಪ್ಪ? ಊಟ... ಆಯಿತಾ? ನಾನು... ಚೆನ್ನಾಗಿದ್ದೇನೆ.”

ಒಂದೊಂದು ಪದವನ್ನೂ ಎತ್ತಿ ಇಟ್ಟ ಹಾಗಿತ್ತು. ಅತ್ತೆಯ ತೆಲುಗಿನ ಎಳೆಯುವ ರಾಗವಿಲ್ಲ, ಪದದ ಕೊನೆಯಲ್ಲಿ ಮೇಲೇಳುವ ಆ ದನಿಯಿಲ್ಲ. ರೂಪಳಿಗೇ ಒಂದು ಕ್ಷಣ ಬೇರೆ ಯಾರಿಗೋ ಫೋನು ಹೋಯಿತೇನೋ ಅನ್ನಿಸಿತು.

ಮುನೇಶ ಫೋನನ್ನು ನೋಡಿದ, ಹೆಂಡತಿಯನ್ನು ನೋಡಿದ.

“ಯಾರು?” ಎಂದ.

ಅದು ಆ ಕಡೆಗೂ ಕೇಳಿಸಿತು. ಫೋನಿನಲ್ಲಿ ಫ್ಯಾಕ್ಟರಿಯ ಬಸ್ಸೊಂದು ಹಾರನ್ ಹಾಕಿಕೊಂಡು ಹೋಯಿತು.

“ಅತ್ತೆ, ತೆಲುಗಲ್ಲೇ ಮಾತಾಡಿ” ಎಂದಳು ರೂಪ. “ಡಾಕ್ಟ್ರಮ್ಮನೇ ಹೇಳಿದಾರೆ, ಏನೂ ಆಗಲ್ಲ. ನನಗೆ ಗೊತ್ತಾಗ್ಲಿಲ್ಲ ಅತ್ತೆ. ಅವರನ್ನ ಒಂದ್ಸಲ ತೆಲುಗಲ್ಲಿ ಕರೀರಿ.”

ಮುದುಕಿಯ ದನಿ ಬಂತು. ಮತ್ತೆ ಅದೇ ಕನ್ನಡ.

“ನೋಡಮ್ಮ. ಯಾರು ಅಂತ... ಕೇಳಿದ. ಎಷ್ಟು ಚೆನ್ನಾಗಿ ಕೇಳಿದ. ಮಾತು ಬಂತು ಅವನಿಗೆ.” ಅವಳು ಮುಂದಿನ ಪದಕ್ಕೆ ತಡಕಾಡಿದಳು. “ನಾನು... ಬಂದು... ಕೆಡಿಸೋದು ಬೇಡ.”

ರೂಪ ಅತ್ತೆ, ಅತ್ತೆ ಎಂದು ಎರಡು ಸಲ ಕರೆದಳು. ಫೋನು ಇನ್ನೂ ಕಟ್ಟಾಗಿರಲಿಲ್ಲ, ಉಸಿರು ಮಾತ್ರ ಕೇಳಿಸುತ್ತಿತ್ತು. ಮುನೇಶ ಹೆಂಡತಿಯ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದ.

“ನಿಮ್ಮಮ್ಮ ರೀ” ಎಂದಳು.

ಅವನು ಫೋನಿನ ಕಡೆ ಬಗ್ಗಿ, ಆ ಉಸಿರನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ತಲೆಯಾಡಿಸಿದ, ಈ ಸಲ ಅಡ್ಡಡ್ಡ.

“ಅಲ್ಲ” ಎಂದ. ಎಲ್ಲಿಯೂ ತಡವರಿಸದೆ, ಒತ್ತಕ್ಷರ ಸ್ಪಷ್ಟವಾಗಿ ಬಂತು.